ಮಡಿಯಲ್ಲಿದ್ದ ಪಾದ್ರಿ ಪುಸ್ತಕ

ಕೆಲವರ ಮನೆಯಲ್ಲಿ ಬೆಕ್ಕಿನಿಂದ ಫಜೀತಿ, ಕೆಲವರ ಮನೆಯಲ್ಲಿ ಬೀಗರಿಂದ. ಧಾರವಾಡದ ನಮ್ಮ ಮನೆಯಲ್ಲಿ ಮಾತ್ರ ಆಗುವ ಫಜೀತಿಯೆಲ್ಲ ಒಂದು ಪುಸ್ತಕದಿಂದಲೇ ಆಗುತ್ತಿತ್ತು. ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಅದು ಸುಮ್ಮನೆ ಕೂತ ವರ್ಷವೇ ಇಲ್ಲ.

ಅದು ಕ್ರೈಸ್ತರ ಧರ್ಮಗ್ರಂಥದ ಕನ್ನಡ ಅನುವಾದ. ಕನ್ನಡಕ್ಕೆ ಅಚ್ಚಿನ ಮೊಳೆಗಳೇ ಹೊಸದಾಗಿದ್ದ ಕಾಲದ್ದು. ನಮ್ಮ ಅತ್ತೆಯ ಮಾವನವರು ಒಬ್ಬ ಪಾದ್ರಿ ಸಾಹೇಬರಿಗೆ ಕನ್ನಡದ ಮುನ್ಷಿ ಆಗಿದ್ದರಂತೆ. ಸಾಹೇಬರು ಅರ್ಥ ಹೇಳುವುದು, ಇವರು ಅದಕ್ಕೆ ನೆಟ್ಟಗಿನ ಕನ್ನಡ ಕೊಡುವುದು, ಸಂಜೆ ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡು ಊಟಕ್ಕೆ ಕೂಡುವುದು. ಅಚ್ಚಾದ ಮೇಲೆ ಸಾಹೇಬರು ಒಂದು ಪ್ರತಿಯನ್ನು ಕೈಯಾರೆ ಕೊಟ್ಟರು. ಅದರಲ್ಲಿ ಎಲ್ಲೂ ಮುನ್ಷಿಯ ಹೆಸರಿಲ್ಲ. ಅವರದೊಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಹೀಗಾಗಿ ಅತ್ತೆಯ ಪಾಲಿಗೆ ಮಾವನವರು ಉಳಿದದ್ದು ಆ ಪುಸ್ತಕದಲ್ಲಿ ಮಾತ್ರ. ಅದನ್ನು ಕೆಂಪು ರೇಷ್ಮೆಯಲ್ಲಿ ಸುತ್ತಿ ದೇವರ ಮನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಮ್ಮಲ್ಲಿ ಅದಕ್ಕೆ ಕೈ ಮುಗಿಯದವರಿಲ್ಲ, ಓದಿದವರು ಒಬ್ಬರೂ ಇಲ್ಲ.

ಭಟ್ಟರ ಸಂಕಟ

ದಸರೆಯಲ್ಲಿ ಖಂಡೇನವಮಿಯ ದಿನ ಸರಸ್ವತಿ ಪೂಜೆಗೆ ಮನೆಯ ಪುಸ್ತಕಗಳನ್ನೆಲ್ಲ ಪೇರಿಸಿ ಇಡುತ್ತಿದ್ದೆವು. ಎಲ್ಲಕ್ಕಿಂತ ಮೇಲೆ ಕೆಂಪು ರೇಷ್ಮೆಯ ಗಂಟು. ಪೂಜೆಗೆ ಬರುವ ಭಟ್ಟರು ವರ್ಷವರ್ಷವೂ ಅದಕ್ಕೆ ಅರಿಷಿಣ ಕುಂಕುಮ ಏರಿಸಿ, ಹೂ ಇಟ್ಟು, ಗಂಟಲು ಬಿಚ್ಚಿ ಮಂತ್ರ ಹೇಳುತ್ತಿದ್ದರು. ಒಂದು ವರ್ಷ ಗಂಟು ಸಡಿಲಾಗಿ ರೇಷ್ಮೆ ಜಾರಿತು. ಭಟ್ಟರು ಮೊದಲ ಪುಟ ಓದಿದರು. ಆರತಿ ತಟ್ಟೆ ಕೆಳಗಿಟ್ಟು ಎದ್ದೇ ನಿಂತರು.

"ಅಲ್ರೀ ಬಾಯಾರ, ಇದು ಪಾದ್ರಿಗಳ ಪುಸ್ತಕ!"

"ಅಲ್ಲ. ನಮ್ಮ ಮಾವನವರ ಪುಸ್ತಕ," ಎಂದರು ಅತ್ತೆ.

"ಇಷ್ಟು ವರ್ಷ ನಾ ಇದಕ್ಕ ಮಂತ್ರ ಹೇಳೀನಲ್ರೀ! ಈಗ ನನ್ನ ಗತಿ ಏನ್ರಿ?"

ಅತ್ತೆ ಗಂಟನ್ನು ಮತ್ತೆ ಬಿಗಿಯುತ್ತ ಹೇಳಿದರು: "ಇಷ್ಟು ವರ್ಷ ನಿಮ್ಮ ಮಂತ್ರ ಕೇಳಿ ಅದಕ್ಕೇನೂ ಆಗಿಲ್ಲ. ನಿಮಗೇನಾಗ್ತದ? ಆರತಿ ಮುಗಸ್ರಿ, ಹೋಳಿಗಿ ಆರ್ತಾವ."

ಹುಬ್ಬಳ್ಳಿಯ ಪಾಲು

ಭಟ್ಟರು ಹೋಳಿಗೆ ಅರಗುವುದರೊಳಗೆ ಸುದ್ದಿಯನ್ನು ಊರ ತುಂಬ ಹಂಚಿದರು. ಅಂಥ ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲವಂತೆ ಎಂದು ಯಾರೋ ಬಾಲ ಕಟ್ಟಿದರು. ಸುದ್ದಿ ಹುಬ್ಬಳ್ಳಿಯ ಕಮರಿಪೇಟೆ ಮುಟ್ಟಿತು. ಅಲ್ಲಿದ್ದವರು ನಮ್ಮ ಚಿಕ್ಕಮಾವ, ಅತ್ತೆಯ ಮೈದುನ. ಅಷ್ಟು ದಿನ ಪುಸ್ತಕದ ಹೆಸರೆತ್ತದವರು ಮರುದಿನವೇ ಟಾಂಗಾ ಇಳಿದರು.

"ವೈನಿ, ಅಪ್ಪನ ಪುಸ್ತಕದಾಗ ನನಗೂ ಪಾಲು ಅದನೋ ಇಲ್ಲೋ?"

ಅತ್ತೆಯ ಮುಖ ಒಂದು ಕ್ಷಣ ಸಣ್ಣಗಾಯಿತು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಆಮೇಲೆ ಸಮಾಧಾನದಿಂದಲೇ ಅಂದರು: "ಯಾಕಿಲ್ಲ? ಕುಲದೇವರ ಪೂಜಾ ಪಾಳಿ ಇದ್ದಂಗ ಇದಕ್ಕೂ ಪಾಳಿ. ಆರು ತಿಂಗಳು ನೀವು ಇಟ್ಕೋರಿ. ಆದ್ರ ನೇಮ ತಪ್ಪಬಾರದು. ಬೆಳಿಗ್ಗೆ ಜಳಕಾ, ಮಡಿ, ಪೂಜಾ. ನೈವೇದ್ಯ ಆಗೋತನಕ ಮನಿಯೊಳಗ ಯಾರೂ ಚಹಾ ಕುಡಿಯಂಗಿಲ್ಲ."

ಇಂಥ ನೇಮ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಆ ಮಾತು ಬಂದದ್ದೇ ಅತ್ತೆ ಆ ದಿನದ ಎರಡನೆಯ ಚಹಾ ಮುಗಿಸಿ ಕಪ್ಪು-ಬಸಿ ಕೆಳಗಿಟ್ಟ ಮೇಲೆ. ಚಿಕ್ಕಮಾವನವರಾದರೋ ಹಾಸಿಗೆಯಲ್ಲಿ ಚಹಾ ಸಿಗದಿದ್ದರೆ ಕಣ್ಣೇ ತೆರೆಯದ ಪೈಕಿ.

ಪುಸ್ತಕ ಒಯ್ದು ವಾರ ತುಂಬುವ ಮೊದಲೇ ಟಾಂಗಾ ಮತ್ತೆ ಬಂತು. ಚಿಕ್ಕಮಾವ ಕೆಂಪು ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಗೆ ಒಪ್ಪಿಸಿ, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

"ತಗೋರಿ ವೈನಿ. ಅಪ್ಪ ಜೀವಂತ ಇದ್ದಾಗೂ ನನಗ ಇಷ್ಟು ತ್ರಾಸು ಕೊಟ್ಟಿದ್ದಿಲ್ಲ. ಮೊದಲ ಒಂದು ಕಪ್ಪು ಚಹಾ ಮಾಡ್ಸ್ರಿ."

ಪಾದ್ರಿಗಳ ಜಳಕ

ಇನ್ನು ಸುದ್ದಿ ಪಾದ್ರಿಗಳಿಗೆ ಮುಟ್ಟದೆ ಇರುತ್ತದೆಯೇ? ಒಂದು ಮುಂಜಾನೆ ಬಾಗಿಲ ಚೌಕಟ್ಟಿಗಿಂತ ಎತ್ತರದ ಬಿಳಿಯ ಪಾದ್ರಿಯೊಬ್ಬರು ತಲೆ ಬಗ್ಗಿಸಿ ಪಡಸಾಲೆಗೆ ಬಂದರು. ಕನ್ನಡವನ್ನು ಪುಸ್ತಕದಿಂದಲೇ ಕಲಿತವರು.

"ಅಮ್ಮನವರೇ, ಆ ಗ್ರಂಥದ ಮೊದಲ ಮುದ್ರಣವು ನಮ್ಮಲ್ಲಿ ಒಂದೂ ಉಳಿದಿರುವುದಿಲ್ಲ. ಎಲ್ಲವನ್ನೂ ಗೆದ್ದಲು ತಿಂದಿತು. ಅದು ನಮ್ಮ ಅಚ್ಚುಕೂಟದಲ್ಲಿಯೇ ಅಚ್ಚಾದದ್ದು. ಅದನ್ನು ನಮಗೆ ಮರಳಿಸಿದರೆ ಮಹೋಪಕಾರವಾಗುವುದು."

ಅತ್ತೆ ಒಳಗಿನಿಂದಲೇ, "ಮೊದಲು ನೋಡ್ರಿ, ಆಮ್ಯಾಲ ಮಾತು. ಆದ್ರ ಜಳಕಾ ಮಾಡಿ ಮಡಿ ಉಡದ ಅದನ್ನ ಮುಟ್ಟಂಗಿಲ್ಲ," ಎಂದರು.

"ಅದು ನನ್ನ ಧರ್ಮದ ಗ್ರಂಥವಲ್ಲವೇ?"

"ಇರಬಹುದು. ಪೆಟ್ಟಿಗಿ ನಮ್ಮದು."

ಪಾದ್ರಿಗಳು ಒಂದು ನಿಮಿಷ ಯೋಚಿಸಿ ಬೂಟು ಬಿಚ್ಚತೊಡಗಿದರು. ಹಿತ್ತಲಿನ ಬಾವಿಯ ಹಗ್ಗ ಅವರು ಮುಟ್ಟುವಂತಿಲ್ಲ. ಸಾಲಿ ಮಾಸ್ತರರಾದ ನಮ್ಮ ಮನೆಯವರು ಕೊಡದ ಮೇಲೆ ಕೊಡ ಸೇದಿ ಅವರ ತಲೆಯ ಮೇಲೆ ಸುರಿದರು. ಚಳಿಗಾಲದ ಧಾರವಾಡ, ಕೇಳಬೇಕೆ! ಗಳದ ಮೇಲಿಂದ ಕೋಲಿನಲ್ಲಿ ಇಳಿಸಿ ಕೊಟ್ಟ ಮಡಿ ಧೋತರ ನಮ್ಮ ಮನೆಯವರ ಅಳತೆಯದು. ಪಾದ್ರಿಗಳಿಗೆ ಅದು ಮೊಳಕಾಲಿಗೇ ಮುಗಿಯಿತು. ಹಲ್ಲು ಕಟಕಟ ಕಡಿಯುತ್ತ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು ಅಂದರು: "ಅಮ್ಮನವರೇ, ನಮ್ಮ ದೇವರು ಇಷ್ಟೆಲ್ಲವನ್ನು ಕೇಳುವುದಿಲ್ಲ."

"ಅದಕ್ಕ ನಿಮ್ಮ ಪುಸ್ತಕಕ್ಕ ಗೆದ್ದಲು ಹತ್ತ್ಯಾವ," ಎಂದರು ಅತ್ತೆ.

ಗದರಿಕೆ

ಪೆಟ್ಟಿಗೆ ತೆರೆಯಿತು. ಪಾದ್ರಿಗಳು ರೇಷ್ಮೆ ಬಿಚ್ಚಿ, ಪುಟ ತಿರುವಿ, ಕಣ್ಣು ತುಂಬಿಕೊಂಡರು. ಅತ್ತೆ ದೇವರ ಮನೆಯ ಹೊಸ್ತಿಲ ಬಳಿ ಕೂತಿದ್ದರು. ಪುಸ್ತಕ ಮನೆ ಬಿಟ್ಟೀತೆಂಬ ಭಯ ಅವರ ಬೆರಳುಗಳಲ್ಲಿ ಕಾಣುತ್ತಿತ್ತು, ಸೆರಗಿನ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಿದ್ದರು.

ಪಾದ್ರಿಗಳು ಗಟ್ಟಿಯಾಗಿ ಓದಿದರು. ಯಾರೋ ಯಜಮಾನನೊಬ್ಬ ಹೇಳಿದ ಕೆಲಸ ಮಾಡದ ಆಳನ್ನು ಗದರಿಸುವ ಭಾಗ. ಎರಡು ಸಾಲು ಆಗಿರಬಹುದು, ಅತ್ತೆ ಗಡಬಡಿಸಿ ಎದ್ದರು. ಸೆರಗನ್ನು ತಲೆ ತುಂಬ ಎಳೆದುಕೊಂಡು, ಕಣ್ಣು ಕೆಳಗೆ ಹಾಕಿ, ಹೊಸ ಸೊಸೆಯಂತೆ ಗೋಡೆಗೆ ಒತ್ತಿ ನಿಂತರು.

ಪಾದ್ರಿಗಳು ಗಾಬರಿಯಾಗಿ ಓದು ನಿಲ್ಲಿಸಿದರು. "ಏನಾಯಿತು ಅಮ್ಮನವರೇ?"

"ಮಾವನವರು," ಎಂದರು ಅತ್ತೆ. "ಸಾರು ತಣ್ಣಗಾದ್ರ ನಮಗ ಹಿಂಗ ಬೈತಿದ್ರು. ಇದ ಧಾಟಿ, ಇದ ಮಾತು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ಇದು ದೇವರ ವಾಣಿ, ಅಮ್ಮಾ."

ಅತ್ತೆ ತಲೆಯೆತ್ತಿದರು. "ಹೇಳಿದಾಂವ ನಿಮ್ಮ ದೇವರ ಇರಬಹುದ್ರಿ. ಕನ್ನಡ ಮಾತ್ರ ನಮ್ಮ ಮಾವನವರದು."

ನಾನು ಆ ಮನೆಯ ಸೊಸೆಯೆಂದು ಅಂದಿನಷ್ಟು ಹೆಮ್ಮೆಪಟ್ಟದ್ದು ಮತ್ತೆ ಇಲ್ಲ. ಪಾದ್ರಿಗಳು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, ತಾವೇ ರೇಷ್ಮೆ ಸುತ್ತಿ, ಅತ್ತೆಯ ಕೈಗೆ ಕೊಟ್ಟರು. "ನಿಜ, ಅಮ್ಮನವರೇ. ಇದು ತಮ್ಮ ಮನೆಯದೇ. ಬರುವ ವರ್ಷ ಒಮ್ಮೆ ಬಂದು ಓದಬಹುದೇ?"

ಅತ್ತೆಯ ಮುಖ ಅರಳಿತು.

"ಅವಶ್ಯ ಬರ್ರಿ! ಖಂಡೇನವಮಿಗೆ ಬರ್ರಿ, ಹೋಳಿಗಿ ಮಾಡಿರ್ತೀವಿ, ಭಟ್ಟರೂ ಇರ್ತಾರ." ಆಮೇಲೆ ಪಾದ್ರಿಗಳ ಮೊಳಕಾಲಿನ ಕಡೆ ನೋಡಿ, ತಟ್ಟನೆ ಮುಖ ಆಚೆ ತಿರುಗಿಸಿದರು.

"ಧೋತರಾ ಮಾತ್ರ ನಿಮ್ಮ ಅಳತೀದು ನೀವ ತರ್ರಿ. ನಮ್ಮ ಮಾವನವರ ಎದುರಿಗೆ ಹಿಂಗ ಕೂಡೂದು ಛಲೋ ಕಾಣಂಗಿಲ್ಲ."