ಸಗಣಿ ಗ್ಯಾಸೂ ನನ್ನ ಕಿರುಬೆರಳೂ

ವಿಜ್ಞಾನದ ಸುದ್ದಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅಭಿಪ್ರಾಯಗಳಿವೆ. ತಿಳುವಳಿಕೆ ಇದೆ ಎಂದು ಹೇಳಲಿಲ್ಲ, ಅಭಿಪ್ರಾಯ ಇದೆ ಎಂದೆ. ನಾನು ಓದಿದ್ದು ನಿಜಾಮರ ಕಾಲದ ಎರಡನೇ ಜಮಾತಿನವರೆಗೆ. ಅಷ್ಟರಲ್ಲಿ ಮಾಸ್ತರರಿಗೂ ನನಗೂ ಪರಸ್ಪರ ಬೇಸರ ಬಂದಿತ್ತು. ಈಗ ನನ್ನ ಮಗ ಬಸವರಾಜ ದಿನಾಲೂ ಮಾನ್ವಿ ಬಸ್ ಸ್ಟ್ಯಾಂಡಿನಿಂದ ಪೇಪರು ತಂದು, ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಾನೆ. ನಾನು ಪಕ್ಕದಲ್ಲಿ ಕಾಳು ಹಸನು ಮಾಡುತ್ತ ತೀರ್ಪು ಕೊಡುತ್ತೇನೆ. ಚಂದ್ರನ ಮೇಲೆ ಇಳಿದವರು ಅಲ್ಲಿಂದ ಕಲ್ಲು ಹೊತ್ತು ತಂದರು ಎಂದು ಹಿಂದೊಮ್ಮೆ ಓದಿದಾಗ, "ಕಲ್ಲು ಬೇಕಿದ್ರ ರಾಯಚೂರಿಗೆ ಬರಬೇಕಿತ್ತು. ಬಸ್ ಚಾರ್ಜಿನಾಗ ಮುಗೀತಿತ್ತು" ಎಂದಿದ್ದೆ. ಪರದೇಶದಲ್ಲಿ ಯಾರೋ ಡಾಕ್ಟರು ಗಾಜಿನ ನಳಿಗೆಯಲ್ಲಿ ಕೂಸಿಗೆ ಜೀವ ಹಿಡಿಸಿ ಹೆಣ್ಣಿನ ಹೊಟ್ಟೆಗೆ ಇಟ್ಟರು ಎಂದು ಓದಿದ ದಿನ ಕೇಳಿದೆ, "ಒಂಬತ್ತು ತಿಂಗಳು ಹೊತ್ತವರು ಯಾರು?" "ಆಕಿನ, ಯವ್ವಾ." "ಹೆತ್ತವರು?" "ಆಕಿನ." "ಅಂದ್ರ ಗಂಡಸಿನ ಕೆಲಸ ಅಷ್ಟ ಹಗುರ ಮಾಡ್ಯಾರ. ಅದೇನು ಮೊದಲು ಭಾರ ಇತ್ತೇನು?" ಬಸವರಾಜ ಪೇಪರು ಮಡಚಿ ಎದ್ದು ಹೋದ. ವಿಜ್ಞಾನ ನನ್ನ ಮುಂದೆ ಸೋಲುವುದು ಹೀಗೆ.

ಆದರೆ ಸುದ್ದಿ ಪೇಪರಿನಲ್ಲಿ ಇರುವವರೆಗೆ ಅಭಿಪ್ರಾಯ ಕೊಡುವುದು ಸುಲಭ, ಅದು ಹಿತ್ತಲಿಗೆ ಬಂದರೆ ಕಷ್ಟ. ನಮ್ಮ ಹಿತ್ತಲಿಗೆ ಬಂದದ್ದು ಗೋಬರ್ ಗ್ಯಾಸು. ಬಸವರಾಜ ರೇಡಿಯೋದ ರೈತರ ಕಾರ್ಯಕ್ರಮದಲ್ಲಿ ಅದನ್ನು ಕೇಳಿದ್ದ. ಕುಣಿ ತೋಡಿ, ಸಗಣಿ ಕಲಸಿ ಸುರಿದು, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದರೆ ಗ್ಯಾಸು ಹುಟ್ಟಿ, ಕೊಳವೆಯಲ್ಲಿ ಅಡುಗೆಮನೆಗೆ ಬಂದು ನೀಲಿಯಾಗಿ ಉರಿಯುತ್ತದಂತೆ. ನಾನು ನಕ್ಕೆ. ಸೊಸೆ ಶರಣಮ್ಮ ನಗಲಿಲ್ಲ. ಹದಿನೈದು ವರ್ಷ ಒಲೆ ಊದಿ ಅವಳ ಕಣ್ಣು ಹಣ್ಣು ಮೆಣಸಿನಕಾಯಿಯಂತಾಗಿದ್ದವು. ರಾಯಚೂರಿನ ಕಣ್ಣಿನ ಡಾಕ್ಟರು, "ಔಷಧ ಎಷ್ಟಾದರೂ ಕೊಡುತ್ತೇನೆ, ಹೊಗೆ ಬಿಡದಿದ್ದರೆ ಕಣ್ಣು ಉಳಿಯುವುದಿಲ್ಲ" ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಕುಣಿ ತೋಡಿದ್ದಾಯಿತು, ಡ್ರಮ್ಮು ಸರಕಾರದ ಗ್ಯಾಸು ಕಚೇರಿಯಿಂದ ಬಂತು. ಜಾಗ ನನ್ನ ಹೆಸರಿನಲ್ಲಿದ್ದುದರಿಂದ ಗ್ಯಾಸೂ ನನ್ನ ಹೆಸರಿಗೇ ಬಂತು. ಸಹಿ ಮಾಡಲು ನನಗೆ ಬರುತ್ತದೆ. ಆದರೆ ಕಚೇರಿಯವರು ನನ್ನ ಮುಖ ನೋಡಿದ ಕೂಡಲೇ ಮಸಿಯ ಪ್ಯಾಡು ಮುಂದೆ ತಳ್ಳುತ್ತಾರೆ. ನಾನೂ ವಾದ ಮಾಡದೆ, ನಾಚುತ್ತಲೇ ಹೆಬ್ಬೆಟ್ಟು ಒತ್ತಿದೆ.

ಒಲೆ ಹತ್ತಿದ ದಿನ ಓಣಿಯೇ ನೋಡಲು ಬಂತು. ಶರಣಮ್ಮ ರೊಟ್ಟಿ ಮಾಡಿ ನನ್ನ ತಾಟಿಗೆ ಹಾಕಿದಳು. ನಾನು ತಾಟು ಸರಿಸಿದೆ.

"ನಾ ಒಲ್ಲೆ. ಹೆಂಡಿ ಗ್ಯಾಸಿನ ರೊಟ್ಟಿ ನನಗ ಇಳಿಯಂಗಿಲ್ಲ."

ನಮ್ಮ ಕಡೆ ಸಗಣಿಗೆ ಹೆಂಡಿ, ಬೆರಣಿಗೆ ಕುಳ್ಳು ಎನ್ನುತ್ತೇವೆ. ಬಸವರಾಜ ಹಣೆ ಹಿಡಿದುಕೊಂಡ. "ಯವ್ವಾ, ಹುಟ್ಟಿದಾಗಿಂದ ಕುಳ್ಳಿನ ಮ್ಯಾಲ ಬೇಯಿಸಿದ ರೊಟ್ಟಿ ತಿಂದೀದಿ. ಕುಳ್ಳು ಯಾತರದು? ಹೆಂಡೀದ ಅಲ್ಲೇನು?"

"ಕುಳ್ಳಿಗೆ ಬಿಸಿಲು ಬಡೀತದ. ಸೂರ್ಯಪ್ಪ ಅದನ್ನ ಶುದ್ಧ ಮಾಡ್ತಾನ. ಇದು ಕತ್ತಲ ಕುಣಿಯಾಗ ಕೊಳೆತ ಗಾಳಿ. ಅದರ ಮುಂದ ರೊಟ್ಟಿ ಹೆಂಗ ಹಿಡೀತೀರಿ?"

"ಅದೂ ಹೆಂಡಿ, ಇದೂ ಹೆಂಡಿ, ಯವ್ವಾ."

"ನೀನೂ ಗಂಡಸು, ನಿಮ್ಮಪ್ಪನೂ ಗಂಡಸು. ಇಬ್ಬರೂ ಒಂದ ಏನು?"

ಈ ಮಾತಿಗೆ ಅರ್ಥ ಇರಲಿಲ್ಲ ಎಂದು ಈಗ ಅನಿಸುತ್ತದೆ, ಆಗ ಮಾತ್ರ ಗೆದ್ದಂತೆ ಕಂಡಿತು. ಹಿತ್ತಲಿನ ಮೂಲೆಯಲ್ಲಿ ಮೂರು ಕಲ್ಲು ಹೂಡಿ ನನ್ನ ಬೇರೆ ಒಲೆ ಶುರುವಾಯಿತು. ಬಣವೆ ಒಟ್ಟಿದ್ದ ಹಳೆಯ ಕುಳ್ಳು ಎರಡು ತಿಂಗಳು ಬಂತು. ಆ ಎರಡು ತಿಂಗಳಲ್ಲಿ ಶರಣಮ್ಮನ ಕಣ್ಣು ತಿಳಿಯಾದವು, ಕೆಮ್ಮು ನಿಂತಿತು. ಸಂಜೆಯ ಮಬ್ಬಿನಲ್ಲೂ ಸೂಜಿಗೆ ದಾರ ಪೋಣಿಸುವಷ್ಟು ನೆಟ್ಟಗಾದಳು. ನಾನು ಅದನ್ನು ಕಂಡೂ ಕಾಣದಂತೆ ನನ್ನ ಒಲೆ ಊದುತ್ತಿದ್ದೆ.

ಕುಳ್ಳು ಮುಗಿದ ಮೇಲೆ ತೊಂದರೆ ಕಾಣಿಸಿತು. ಇದ್ದಬದ್ದ ಸಗಣಿಯೆಲ್ಲ ಕುಣಿಗೆ. ಐದು ಎಮ್ಮೆಗಳ ಮನೆಯಲ್ಲಿ ಒಂದು ಕುಳ್ಳು ತಟ್ಟುವಷ್ಟು ಸಗಣಿ ನನಗಿಲ್ಲ. "ನಾಲ್ಕು ಕುಳ್ಳಿಗೆ ಹೆಂಡಿ ಕೊಡ್ರಿ" ಎಂದು ಕೇಳಿದ್ದರೆ ಕೊಡುತ್ತಿದ್ದರು. ಆದರೆ ಕೇಳುವುದೆಂದರೆ ಸೋತಂತೆ. ಕೊಟ್ಟಿಗೆ ಬಳಿಯುವುದು ಇವತ್ತಿಗೂ ನನ್ನ ಕೆಲಸ, ಹಾಗಾಗಿ ಕದಿಯುವುದು ಸುಲಭ. ದಿನಾ ಮುಂಜಾನೆ ಮೊದಲ ಎರಡು ಪುಟ್ಟಿ ಸಗಣಿ ಬೇಲಿಯ ಕಿಂಡಿಯಲ್ಲಿ ದಾಟಿ ಪಕ್ಕದ ಫಾತಿಮಾಬಿಯ ಮನೆಗೆ ಹೋಯಿತು. ಆಕೆಯ ಹಿಂದಿನ ಗೋಡೆಗೆ ದಿನವೆಲ್ಲ ಬಿಸಿಲು. ನಾನು ಅಲ್ಲಿ ಕುಳ್ಳು ತಟ್ಟುತ್ತಿದ್ದರೆ ಆಕೆ ಎಲೆ ಅಡಿಕೆ ಜಗಿಯುತ್ತ ನಿಲ್ಲುತ್ತಿದ್ದಳು.

"ಯಾ ಅಲ್ಲಾ, ಅಕ್ಕಾ, ಮಂದಿ ಬಂಗಾರ ಕದ್ದಿದ್ದು ಕೇಳೀನಿ. ಸ್ವಂತ ಮನಿ ಹೆಂಡಿ ಕದ್ದಾಕಿ ನೀ ಒಬ್ಬಾಕೇ ಇದ್ದೀ."

"ಸುಮ್ಮನಿರು ಬೇ. ನಿನ್ನ ಗೋಡಿ ಗಟ್ಟಿ ಆಗ್ತದ."

ಹತ್ತು ದಿನದಲ್ಲಿ ನಮ್ಮ ಡ್ರಮ್ಮು ಏಳುವುದನ್ನು ಬಿಟ್ಟಿತು. ಮೊದಲೆಲ್ಲ ಬಸುರಿಯ ಹೊಟ್ಟೆಯಂತೆ ಮೇಲೆ ಬರುತ್ತಿದ್ದದ್ದು ಈಗ ಏಕಾದಶಿ ಉಪವಾಸದವರಂತೆ ಒಳಗೆ ಕುಳಿತಿತು. ಒಲೆ ಅರ್ಧ ಅನ್ನಕ್ಕೆ ಆರಿಹೋಗುತ್ತಿತ್ತು, ಉಳಿದ ಅರ್ಧಕ್ಕೆ ಶರಣಮ್ಮ ಮತ್ತೆ ಕಟ್ಟಿಗೆ ಒಲೆ ಊದುತ್ತಿದ್ದಳು. ಬಸವರಾಜ ಗ್ಯಾಸಿನ ಸಾಹೇಬರನ್ನು ಕರೆತಂದ. ಮೈಸೂರು ಕಡೆಯ ಹುಡುಗ, ಕೈಯಲ್ಲಿ ಉದ್ದನೆಯ ನೋಟುಬುಕ್ಕು, ಮೂಗಿಗೆ ಕರವಸ್ತ್ರ. ಸಗಣಿಯನ್ನೇ ಓದಿ ಪಾಸಾದವನು ಮೂಗು ಮುಚ್ಚಿಕೊಂಡು ಬಂದದ್ದು ನನಗೆ ಹಿಡಿಸಲಿಲ್ಲ. ಅವನು ಡ್ರಮ್ಮಿಗೆ ಕಿವಿ ಹಚ್ಚಿ ಕೇಳಿದ. ಕೊಳವೆಗೆ ಸೋಪಿನ ನೊರೆ ಬಳಿದು ನೋಡಿದ. ಎಲ್ಲೂ ಸೋರುತ್ತಿರಲಿಲ್ಲ. ಕೊನೆಗೆ ಎಮ್ಮೆಗಳ ಮುಂದೆ ನಿಂತ.

"ಅಜ್ಜೀ, ಈ ಎಮ್ಮೆ ಎಲ್ಲಿಯದು?"

"ದೇವದುರ್ಗದ ಸಂತ್ಯಾಗ ತಂದದ್ದು."

"ಹಾಗಾದರೆ ಇದರದೇ ದೋಷ. ಇದರ ಸಗಣಿಯಲ್ಲಿ ಸತ್ವ ಇಲ್ಲ."

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವ ಎಮ್ಮೆ ಅದು, ನನ್ನ ಕೈ ಬಿಟ್ಟರೆ ಯಾರಿಗೂ ಹಿಂಡಗೊಡುವುದಿಲ್ಲ. ಅದರ ಮೇಲೆ ಅಪವಾದ ಬಂತು. ನಾನು ಬಾಯಿ ಬಿಡಲಿಲ್ಲ. ಬಸವರಾಜ ಅದಕ್ಕೆ ದಿನಾ ಹತ್ತಿಕಾಳು ನೆನೆಸಿ ತಿನ್ನಿಸಿದ. ಎಮ್ಮೆ ಮೈತುಂಬಿಕೊಂಡಿತು, ಸಗಣಿಯೂ ಹೆಚ್ಚಾಯಿತು, ನಾನು ಎರಡು ಪುಟ್ಟಿಗೆ ಬದಲು ಮೂರು ಒಯ್ದೆ. ಈ ಮೂರನೆಯ ಪುಟ್ಟಿಗೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ. ಕಳ್ಳತನಕ್ಕೂ ಒಂದು ರುಚಿ ಇರುತ್ತದೆ, ಅಷ್ಟೇ. ಅಷ್ಟರಲ್ಲಿ ಶರಣಮ್ಮನ ಕಣ್ಣು ಮತ್ತೆ ಕೆಂಪಾಗತೊಡಗಿದ್ದವು. ಸಂಜೆ ಸೆರಗಿನಿಂದ ಕಣ್ಣು ಒತ್ತಿಕೊಂಡು ಗೋಡೆ ಹಿಡಿದು ಬರುವಳು. ನಾನು ರೊಟ್ಟಿ ಮುರಿಯುತ್ತ ಮುಖ ಆ ಕಡೆ ತಿರುಗಿಸುವೆ.

ಮೂರು ವಾರಕ್ಕೆ ಸಾಹೇಬ ಇಬ್ಬರು ಆಳುಗಳ ಜೊತೆ ತಳ್ಳುಗಾಡಿ ತಂದ. ನಮ್ಮ ಮನೆಗೆ ಗ್ಯಾಸು ಆಗಿಬರುವುದಿಲ್ಲ, ಚೀಕಲಪರ್ವಿಯಲ್ಲಿ ಒಬ್ಬರು ಕಾಯುತ್ತಿದ್ದಾರೆ, ಡ್ರಮ್ಮು ಅಲ್ಲಿಗೆ ಹೋಗುತ್ತದೆ ಎಂದ. "ಗ್ಯಾಸು ನಿಲ್ಲಲು ಕಾರಣ" ಎಂಬ ಸಾಲಿನ ಮುಂದೆ ನೋಟುಬುಕ್ಕಿನಲ್ಲಿ "ಎಮ್ಮೆ" ಎಂದು ಬರೆದಿದ್ದ. ಒಪ್ಪಿಗೆಯ ಕಾಗದ ತೆಗೆದು, ನನ್ನ ಮುಖ ನೋಡಿ, ಮಸಿಯ ಪ್ಯಾಡು ತಳ್ಳಿದ. ನಾನು ಹೆಬ್ಬೆರಳು ಚಾಚಿದೆ. ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಆಗ ಮಾತಾಡಿದಳು.

"ಅತ್ತೀ, ಬರೇ ಹೆಬ್ಬೆಟ್ಟು ಯಾಕ್ರಿ? ಪೂರಾ ಕೈ ಒತ್ರಿ. ಫಾತಿಮಾಬಿ ಗೋಡಿ ಮ್ಯಾಲ ಒತ್ತೀರಲ್ಲ, ಹಂಗ."

ನನ್ನ ಬಲಗೈಯ ಕಿರುಬೆರಳು ಸೊಟ್ಟ. ಹಿಂದೆ ನೆಲದೊಳಗಿನ ಹಗೇವಿನಿಂದ ಜೋಳ ತೆಗೆಯುವಾಗ ಅದರ ಬಾಯಿಗೆ ಮುಚ್ಚುವ ಕಲ್ಲು ಬಿದ್ದು ಮುರಿದದ್ದು. ಕುಳ್ಳು ತಟ್ಟಿದರೆ ನಾಲ್ಕು ಬೆರಳು ನೆಟ್ಟಗೆ, ಐದನೆಯದು ಯಾರ ಮೇಲೋ ಮುನಿಸಿಕೊಂಡಂತೆ ಹೊರಗೆ ಮೂಡುತ್ತದೆ. ಇಡೀ ಮಾನ್ವಿಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಹೆಬ್ಬೆಟ್ಟಿಗೆ ನಾಚುತ್ತಿದ್ದ ನಾನು ಒಂದು ಗೋಡೆಯ ತುಂಬ ಸಹಿ ಮಾಡಿ ಬಂದಿದ್ದೆ.

"ಯಾವಾಗ ನೋಡಿದಿ?" ಎಂದೆ.

"ಮಾಳಿಗಿ ಮ್ಯಾಲ ಮೆಣಸಿನಕಾಯಿ ಹಾಕಾಕ ಹೋದಾಗ. ಮೂರು ವಾರ ಆತು."

"ಮತ್ತ ಸುಮ್ಮನ ಯಾಕಿದ್ದಿ?"

"ನೀವ ಹೇಳ್ತೀರೇನೋ ಅಂತ ಕಾಯಾಕತ್ತಿದ್ದೆ."

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಹೊಗೆಯದೋ ಬೇರೆಯದೋ ನಾನು ಕೇಳಲಿಲ್ಲ. ನನಗೆ ಬೇಕಾದ ಉತ್ತರ ಬರುವ ಪ್ರಶ್ನೆ ಅದಾಗಿರಲಿಲ್ಲ. ಕಾಗದ ಪಕ್ಕಕ್ಕಿಟ್ಟು ಎದ್ದು, ಎಲ್ಲರನ್ನೂ ಫಾತಿಮಾಬಿಯ ಗೋಡೆಯ ಮುಂದೆ ನಿಲ್ಲಿಸಿದೆ. "ಎಮ್ಮಿ ತಪ್ಪಿಲ್ಲ. ಇದು ನನ್ನ ಕೈ. ಬರಕೋರಿ" ಎಂದೆ. ಸಾಹೇಬ ಗೋಡೆ ನೋಡಿದ, ನನ್ನ ಕೈ ನೋಡಿದ, ಮೂಗಿನಿಂದ ಕರವಸ್ತ್ರ ತೆಗೆದ. ಆಮೇಲೆ ನೋಟುಬುಕ್ಕು ತೆರೆದು "ಎಮ್ಮೆ" ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ "ಅಜ್ಜಿ" ಎಂದು ಬರೆದ. ಬಸವರಾಜ ಮತ್ತೆ ಹಣೆ ಹಿಡಿದುಕೊಂಡ. "ಯವ್ವಾ, ಹತ್ತಿಕಾಳು ನಿನಗ ತಿನಿಸಬೇಕಿತ್ತು." ಫಾತಿಮಾಬಿ ಮಾತ್ರ, "ಕುಳ್ಳು ಒಯ್ಯಬ್ಯಾಡ್ರಿ, ಗೋಡಿ ನಂದದ" ಎಂದು ತನ್ನ ಪಾಲು ಕಾಯ್ದುಕೊಂಡಳು.

ತಳ್ಳುಗಾಡಿ ಖಾಲಿ ಹೋಯಿತು. ಒಂದು ವಾರಕ್ಕೆ ಡ್ರಮ್ಮು ಮೇಲೆದ್ದಿತು. ಶರಣಮ್ಮ ನನ್ನ ತಾಟಿಗೆ ಮತ್ತೆ ರೊಟ್ಟಿ ಹಾಕಿದಳು. ವಾಸನೆ ಹುಡುಕುತ್ತ ಮೊದಲನೆಯದನ್ನು ತಿಂದೆ. ಸಿಗಲಿಲ್ಲ. ಎರಡನೆಯದರಲ್ಲೂ ಸಿಗಲಿಲ್ಲ. ನಾಲ್ಕನೆಯದಕ್ಕೆ ಹುಡುಕುವುದನ್ನು ಬಿಟ್ಟೆ. ಇಷ್ಟು ಸಾದಾ ರೊಟ್ಟಿಗಾಗಿ ಕಳ್ಳಿಯಾದೆನಲ್ಲ ಎಂದು ಬೇಸರವಾಯಿತು.

ಈಗ ಸಾಹೇಬ ಸುತ್ತಲಿನ ಹಳ್ಳಿಯ ಹೆಂಗಸರನ್ನು ನಮ್ಮ ಗ್ಯಾಸು ನೋಡಲು ಕಳಿಸುತ್ತಾನೆ. ಗ್ಯಾಸು ನನ್ನ ಹೆಸರಿನಲ್ಲಿ ಇರುವುದರಿಂದ ವಿವರಿಸುವವಳು ನಾನೇ. ಡ್ರಮ್ಮು, ಕುಣಿ, ಕೊಳವೆ ಎಲ್ಲ ತೋರಿಸುತ್ತೇನೆ. ಕೊನೆಗೆ ಒಬ್ಬಳಾದರೂ ಸೆರಗು ಬಾಯಿಗೆ ಹಿಡಿದು ಕೇಳಿಯೇ ಕೇಳುತ್ತಾಳೆ, "ಯವ್ವಾ, ರೊಟ್ಟಿಗೆ ಹೆಂಡಿ ವಾಸನಿ ಬರಂಗಿಲ್ಲೇನ್ರಿ?" ನಾನು ಗಂಭೀರವಾಗಿ ಹೇಳುತ್ತೇನೆ, "ಹಂಗ ಅನ್ನಾವ್ರು ತಿಳಿಗೇಡಿಗಳವ್ವಾ. ನಾ ಅಂತೂ ಮೊದಲಿನ ದಿನಾನ ನಂಬಿದ್ದೆ." ಆಗ ಒಳಗಿನಿಂದ ಶರಣಮ್ಮ ಕೆಮ್ಮುತ್ತಾಳೆ. ಅಡುಗೆಮನೆಯಲ್ಲಿ ಹೊಗೆಯ ಎಳೆಯೂ ಇಲ್ಲ. ಆ ಕೆಮ್ಮಿಗೆ ರಾಯಚೂರಿನ ಯಾವ ಡಾಕ್ಟರ ಬಳಿಯೂ ಔಷಧ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಕಿರುಬೆರಳನ್ನು ಸೆರಗಿನೊಳಗೆ ಮಡಚಿಕೊಂಡು ವಿವರಣೆ ಮುಂದುವರಿಸುತ್ತೇನೆ.