ಸೀರೆಯಿಂದ ಮೀಸೆಗೆ

ಬಡಿಗ ತನ್ನ ಬಾಚಿಯನ್ನು ಮನೆಯಲ್ಲಿಟ್ಟು ಸಂತೆಗೆ ಹೋಗಬಹುದು. ಕಮ್ಮಾರ ಕುಲುಮೆ ಆರಿಸಿ ಉಂಡು ಮಲಗಬಹುದು. ನಾಟಕ ಕಂಪನಿಯಲ್ಲಿ ಕಲಿತವನಿಗೆ ಮಾತ್ರ ತನ್ನ ವಿದ್ಯೆಯನ್ನು ಎಲ್ಲಿಯೂ ಇಟ್ಟು ಬರಲು ಆಗುವುದಿಲ್ಲ. ಅದು ಅವನ ಕೈಕಾಲು, ಕೊರಳು, ಕಣ್ಣುಗಳಲ್ಲೇ ಕೂತಿರುತ್ತದೆ. ಆದ್ದರಿಂದ ನಮ್ಮಂಥವರಿಗೆ ಫಜೀತಿಗಳು ಆಗುತ್ತಲೇ ಇರುತ್ತವೆ. ಇವತ್ತಿಗೂ ನಾನು ಕಾಯಿಪಲ್ಲೆ ಬಜಾರಿನ ಈ ತುದಿಯಲ್ಲಿ ಬದನೆಕಾಯಿಯ ರೇಟು ಕೇಳಿದರೆ ಆ ತುದಿಯ ಉಳ್ಳಾಗಡ್ಡಿಯವನು ತನ್ನ ರೇಟು ಹೇಳುತ್ತಾನೆ.

ನಾನು ಹುಬ್ಬಳ್ಳಿಯವನು. ಮನೆತನ ಹತ್ತಿ ವ್ಯಾಪಾರದ್ದು. ಅಪ್ಪ ತೀರಿಕೊಂಡ ಮೇಲೆ ಕಾಕಾ ನನ್ನನ್ನು ಅಂಗಡಿಯಲ್ಲಿ ಕೂರಿಸಿದರು. ನಾನು ಹತ್ತಿಯ ಅಂಡಿಗೆಗಳ ಮೇಲೆ ಕೂತು ಹಾಡುತ್ತಿದ್ದೆ. ಗಿರಾಕಿಗಳು ಹಾಡು ಕೇಳಿ, ತಲೆದೂಗಿ, ಹತ್ತಿಯನ್ನು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಕಡೆಗೆ ಕಾಕಾ ತಾವೇ ನನ್ನನ್ನು ಊರಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಮೈಕಟ್ಟು ಸಣ್ಣದು, ಕೊರಳು ಎಳೆಯದು ಎಂದು ಮಾಲಕರು ನನ್ನನ್ನು ನಾಯಕಿಯ ಪಾತ್ರಕ್ಕೆ ಹಾಕಿದರು. ಆಗ ಹೆಂಗಸರು ರಂಗ ಏರುವುದು ಕಡಿಮೆ. ಅಳುವುದು, ನಾಚುವುದು, ಶೀಲ ಕಾಯುವುದು ಎಲ್ಲವೂ ಗಂಡಸರ ಕೆಲಸವೇ ಆಗಿತ್ತು.

೧. ಥಕಾರದ ಪ್ರಾಣ

ಕಂಪನಿಯಲ್ಲಿ ನಮಗೆ ತಾಲೀಮು ಕೊಡುತ್ತಿದ್ದವರು ಗದಗಿನ ಕಡೆಯ ಒಬ್ಬ ಹಿರಿಯ ಮಾಸ್ತರರು. ತೆಳ್ಳಗಿನ ಮನುಷ್ಯ. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಆಗಿನ್ನೂ ನಾಟಕಕ್ಕೆ ಮೈಕು ಬಂದಿರಲಿಲ್ಲ. ಎಲ್ಲರಿಗಿಂತ ಹಿಂದೆ ನೆಲದ ಮೇಲೆ ಕೂತವನಿಗೂ ನಾಯಕಿಯ ಪಿಸುಮಾತು ಕೇಳಬೇಕು, ಆದರೆ ನಾಯಕಿ ಒದರಬಾರದು ಎಂಬುದು ಅವರ ಕಟ್ಟಳೆ.

ಅದಕ್ಕಾಗಿ ಬೆಳಿಗ್ಗೆ ನನ್ನನ್ನು ಗೋಪನಕೊಪ್ಪದ ಆಚೆಯ ಹೊಲಗಳಿಗೆ ಕರೆದೊಯ್ಯುತ್ತಿದ್ದರು. ಎರೆಹೊಲದ ಆ ತುದಿಯ ಬೇವಿನ ಮರದ ಕೆಳಗೆ ಅವರು, ಈ ತುದಿಯ ಬದುವಿನ ಮೇಲೆ ನಾನು. ನಾನು ಮಾತು ಹೇಳಬೇಕು. ಅಕ್ಷರ ಅಕ್ಷರವೂ ಕೇಳಿಸಿದರೆ ಅವರು ಹೆಗಲ ಮೇಲಿನ ವಲ್ಲಿ ಎತ್ತಿ ತೋರಿಸುವರು. ಕೇಳಿಸದಿದ್ದರೆ ಕಲ್ಲಿನ ಹಾಗೆ ಕೂತಿರುವರು. ಎಷ್ಟೋ ದಿನ ವಲ್ಲಿ ಹೆಗಲು ಬಿಟ್ಟು ಮೇಲೇಳಲಿಲ್ಲ.

ಒಂದು ದಿನ ನನಗೂ ಹಟ ಬಂತು. ಗಂಡ ತೊರೆದು ಹೋದ ರಾಣಿಯ ಪ್ರಲಾಪ ಅದು. ಹೊಕ್ಕುಳಿಂದ ಉಸಿರು ತೆಗೆದು, "ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟು ಹೋದಿರಾ ಪ್ರಾಣನಾಥಾ" ಎಂದು ಅತ್ತೆ. ಮರದ ಕೆಳಗೆ ವಲ್ಲಿ ಮೇಲೆದ್ದಿತು. ಅದೇ ಹೊತ್ತಿಗೆ ಮಗ್ಗುಲ ಹೊಲದಲ್ಲಿ ಗಳೆ ಹೊಡೆಯುತ್ತಿದ್ದ ರೈತ ಎತ್ತುಗಳನ್ನು ಅಲ್ಲೇ ಬಿಟ್ಟು, ಬಾರುಕೋಲು ಹಿಡಿದು ಓಡಿಬಂದ. ಮಾಸ್ತರರೂ ನಡೆದು ಬಂದರು.

"ಇಲ್ಲಿ ಯಾವಾಕೀನೋ ಗಂಡ ಬಿಟ್ಟು ಹೋದ ಅಂತ ಅಳಾಕತ್ತಿದ್ಲು. ಎಲ್ಲಿ ಅದಾಳ್ರಿ?" ಎಂದು ರೈತ ಕೇಳಿದ.

ಮಾಸ್ತರರು ನನ್ನ ಕಡೆ ಬೆರಳು ಮಾಡಿದರು. "ಇವನ."

ರೈತ ನನ್ನ ಧೋತರ, ಟೊಪ್ಪಿಗೆ ಎರಡನ್ನೂ ನೋಡಿದ. "ಇವನ ಗಂಡ ಬಿಟ್ಟು ಹೋಗ್ಯಾನೇನ್ರಿ?"

"ಹೋಗ್ಯಾನ. ದಿನಾ ಹೋಗ್ತಾನ," ಎಂದರು ಮಾಸ್ತರರು.

ಇಷ್ಟರಲ್ಲಿ ಎತ್ತುಗಳು ಮೂರನೆಯವರ ಜೋಳಕ್ಕೆ ನುಗ್ಗಿದ್ದವು. ನಾವು ಮೂವರೂ ಬೆನ್ನು ಹತ್ತಿ, ಬಿಸಿಲು ಏರುವವರೆಗೆ ಓಡಾಡಿ ಅವನ್ನು ಹಿಡಿದು ಕಟ್ಟಿದೆವು. ನನಗೆ ಒಳಗೊಳಗೇ ಹಿಗ್ಗು. ನನ್ನ ದನಿ ಒಬ್ಬ ರೈತನಿಂದ ಎತ್ತು ಬಿಡಿಸಿತ್ತು. ಮಾಸ್ತರರು ಏನಾದರೂ ಅಂದಾರೆಂದು ದಾರಿಯುದ್ದಕ್ಕೂ ಕಾದೆ. ಊರು ಹತ್ತಿರ ಬಂದಾಗ ಅಂದರು: "ದನಿ ಮುಟ್ಟೇತಿ. ಆದ್ರ ನೀ 'ಪ್ರಾಣನಾತಾ' ಅಂದಿ. ಥಕಾರಕ್ಕ ಪ್ರಾಣ ಸಾಲಲಿಲ್ಲ. ನಾಳೆ ಮತ್ತ ಬಾ."

೨. ಕನ್ಯೆ ನೋಡಲು ಹೋದದ್ದು

ನಾಟಕದವನಿಗೆ ಹೆಣ್ಣು ಕೊಡುವವರು ಯಾರು? ಕಾಕಾ ಬೀಗರು-ಬಿಜ್ಜರ ಮನೆಗಳನ್ನೆಲ್ಲ ಸುತ್ತಿ ಬಂದರು. ಒಬ್ಬರು ಹುಡುಗಿ ಸಣ್ಣವಳು ಎಂದರು. ಇನ್ನೊಬ್ಬರು, ಹುಡುಗ ಹುಡುಗಿಗಿಂತ ಚೆಲುವಿ ಎಂದರು. ಕಡೆಗೆ ಧಾರವಾಡದ ಒಂದು ಮನೆಯವರು, ನನ್ನ ಅಪ್ಪನ ಗುರುತಿನ ಮೇಲೆ, ಬಂದು ನೋಡಿ ಹೋಗಿರಿ ಎಂದು ಹೇಳಿಕಳಿಸಿದರು.

ಹೋಗಿ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತೆವು. ಹಿರಿಯರು ತುಂಬಿದ್ದರು. ಹಿರಿಯರ ಮುಂದೆ ಹೇಗೆ ಕೂರಬೇಕೆಂಬುದನ್ನು ಮಾಸ್ತರರು ನನಗೆ ವರ್ಷಗಟ್ಟಲೆ ತಿದ್ದಿದ್ದರು. ಮೊಣಕಾಲು ಜೋಡಿಸಿ, ಮೈ ಒಂದಿಷ್ಟು ಓರೆ ಮಾಡಿ, ಕಣ್ಣು ಕಾಲಿನ ಹೆಬ್ಬೆರಳ ಮೇಲೆ ಇಟ್ಟು, ಆ ಹೆಬ್ಬೆರಳಿನಿಂದ ನೆಲ ಗೀರುತ್ತ ಕೂರಬೇಕು. ಹಿರಿಯರನ್ನು ಕಂಡದ್ದೇ ನನ್ನ ಮೈ ತಾನಾಗಿಯೇ ಹಾಗೆ ಕೂತುಬಿಟ್ಟಿತು.

ಹುಡುಗಿ ಉಪ್ಪಿಟ್ಟಿನ ತಾಟು ತಂದಿಟ್ಟಳು. ನಾನು ತಲೆ ಎತ್ತಲಿಲ್ಲ. ಚಹಾ ತಂದಳು. ಎತ್ತಲಿಲ್ಲ. ಮೂರನೆಯ ಸಲ ಎಲೆ ಅಡಿಕೆ ತಂದಾಗ ಅವಳು ಸ್ವಲ್ಪ ಬಗ್ಗಿ, ಕೆಳಗಿನಿಂದ ನನ್ನ ಮುಖ ನೋಡಿ ಹೋದಳಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಹುಡುಗಿ ಪಸಂದ ಆದಳೇ ಎಂದು ಅವಳ ಅಜ್ಜಿ ಕೇಳಿದಳು. ಕಾಕಾ ನನ್ನ ಪಕ್ಕೆ ತಿವಿದರು. ನಾನು ಇನ್ನೊಂದಿಷ್ಟು ಓರೆಯಾದೆ. ಆಗ ಅಜ್ಜಿ, ಯಾರಾದರೊಬ್ಬರು ನೋಡಿದರೆ ಸಾಕು, ನಮ್ಮಾಕಿ ನೋಡ್ಯಾಳ, ಒಪ್ಯಾಳ ಎಂದು ಸಕ್ಕರೆ ಹಂಚಿಸಿಬಿಟ್ಟಳು.

ತಿರುಗಿ ಬರುವಾಗ ರೈಲಿನಲ್ಲಿ ಕಾಕಾ ಬಹಳ ಹೊತ್ತು ಕಿಡಿಕಿಯ ಹೊರಗೆ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ಯಾಕೆಂದು ಕೇಳಿದೆ.

"ಹೆಣ್ಣು ತರಾಕ ಹೋಗಿದ್ವಿ ಖರೇ," ಎಂದರು. "ಯಾಕೋ ಹೆಣ್ಣು ಕೊಟ್ಟು ಬಂದಂಗ ಆಗೇತಿ."

೩. ಒನ್ಸ್ ಮೋರ್

ಮುಂದೆ ಮಾತಾಡುವ ಸಿನೆಮಾ ಬಂತು. ಜನ ಅತ್ತ ಹರಿದರು. ನಮ್ಮ ಕಂಪನಿ ಪರದೆಗಳನ್ನು ಸುತ್ತಿಟ್ಟಿತು. ಕೊಲ್ಹಾಪುರದ ಸ್ಟುಡಿಯೋ ಒಂದರಲ್ಲಿ ಕನ್ನಡ ಚಿತ್ರ ತೆಗೆಯುತ್ತಾರೆಂದು ಕೇಳಿ ನಾನೂ ನಮ್ಮ ಕಂಪನಿಯ ರಾಜಾಪಾರ್ಟಿನ ನಟನೂ ಕೂಡಿ ಹೋದೆವು. ಆತ ಹಳೇ ಹುಬ್ಬಳ್ಳಿಯ ಮುಸಲ್ಮಾನ, ಗಾದಿ ಹೊಲಿಯುವವರ ಮನೆತನ. ಆಳೆತ್ತರದ ಮನುಷ್ಯ, ಗಂಟೆಯಂಥ ಕೊರಳು. ರಂಗದ ಮೇಲೆ ನನಗೆ ಗಂಡ. ಕೆಳಗಿಳಿದರೆ ಚಾಚಾ.

ಚಾಚಾನ ಹೆಸರು ನಿಂತದ್ದೇ ಸಾಯುವ ಹಾಡಿನ ಮೇಲೆ. ಎದೆಗೆ ಬಾಣ ನಟ್ಟು, ಹಾಡಿ, ಸಾಯುತ್ತಿದ್ದ. ಜನ "ಒನ್ಸ್ ಮೋರ್" ಎಂದರೆ ಎದ್ದು, ಕೈಮುಗಿದು, ಬಾಣವನ್ನು ಸರಿಮಾಡಿಕೊಂಡು ಮತ್ತೆ ಸಾಯುತ್ತಿದ್ದ. ಒನ್ಸ್ ಮೋರ್ ಅಂದವರಿಗೆ ಬೆನ್ನು ತೋರಿಸಬಾರದು, ಮೊದಲು ಹಾಡಿದ್ದನ್ನೇ ತಿರುಗಿ ಹಾಡಿ ಮೋಸ ಮಾಡಲೂಬಾರದು, ಹೊಸದೇನಾದರೂ ಕೊಡಬೇಕು ಎಂದು ಮಾಸ್ತರರು ಕಲಿಸಿದ್ದರು.

ಸ್ಟುಡಿಯೋದಲ್ಲಿ ಅವನಿಗೆ ಸಿಕ್ಕದ್ದೂ ಸಾಯುವ ರಾಜನ ಪಾತ್ರವೇ. ದಿಗ್ದರ್ಶಕರು ಮರಾಠಿಯವರು, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಚಾಚಾ ಹಾಡಿ ಸತ್ತ. ನೆರಳು ಬಿದ್ದಿತೆಂದೋ ಏನೋ ದಿಗ್ದರ್ಶಕರು "ಒನ್ಸ್ ಮೋರ್" ಎಂದರು. ಚಾಚಾನ ಮುಖ ಅರಳಿತು. ಎದ್ದು ಕ್ಯಾಮೆರಾಕ್ಕೆ ಕೈಮುಗಿದು, ಒಂದು ತಾನ ಕೂಡಿಸಿ ಹಾಡಿ ಸತ್ತ. ಹಾಡು ಉದ್ದವಾಯಿತು. ಮತ್ತೆ "ಒನ್ಸ್ ಮೋರ್" ಎಂಬ ಮಾತು ಬಂತು. ಈಗ ಆಲಾಪದಿಂದ ಸುರುಮಾಡಿದ. ದಿಗ್ದರ್ಶಕರು ತಲೆಯ ಮೇಲೆ ಕೈಯಿಟ್ಟುಕೊಂಡು ಮತ್ತದೇ ಮಾತು ಹೇಳಿದರು. ಚಾಚಾ ನನ್ನ ಕಡೆ ನೋಡಿ, ಎಂಥಾ ರಸಿಕ ಮನುಷ್ಯಾ ಎಂಬಂತೆ ಕಣ್ಣು ಮಿಟುಕಿಸಿದ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೂ ಆ ರಾಜ ಸಾಯುತ್ತಲೇ ಇದ್ದ.

ಕಡೆಗೆ ದಿಗ್ದರ್ಶಕರು ಬಸವಳಿದು, ಸಿಕ್ಕಷ್ಟು ಸಿಕ್ಕಿತೆಂದು "ಸಾಕು" ಎಂದರು.

ಚಾಚಾ ಕಿರೀಟ ತೆಗೆದು ನನ್ನ ಪಕ್ಕದಲ್ಲಿ ಬಂದು ಕೂತ. ಮುಖ ಸಣ್ಣದಾಗಿತ್ತು. "ಕಡೀಸಲ ಸತ್ತದ್ದು ರಂಗೇರಲಿಲ್ಲಪಾ," ಎಂದ. "ಒಂದ ಒಂದು ಒನ್ಸ್ ಮೋರ್ ಬರಲಿಲ್ಲ."

೪. ಅಂಗಳದ ಮೈಕು

ನನ್ನ ಕತೆಯೂ ಅಲ್ಲಿ ಬೇರೆಯಾಗಿರಲಿಲ್ಲ. ನನಗೆ ಸಿಕ್ಕದ್ದು ಅದೇ ದಿಗ್ದರ್ಶಕರ ಇನ್ನೊಂದು ಚಿತ್ರ, ಗೋಳಿನ ಸೊಸೆಯೊಬ್ಬಳ ಕತೆ. ನಾನು ಬಾಯಿ ತೆಗೆದದ್ದೇ ದನಿ ಹಿಡಿಯುವವನು ಕಿವಿಗೆ ಹಾಕಿಕೊಂಡದ್ದನ್ನು ಕಿತ್ತೊಗೆದ. ಪಕ್ಕದಲ್ಲಿ ಕೂತವರೊಡನೆ ಮಾತಾಡುವ ಹಾಗೆ ಮಾತಾಡಿರಿ ಎಂದು ಕೈಮುಗಿದು ಕೇಳಿಕೊಂಡ. ಪ್ರಯತ್ನ ಮಾಡಿದೆ. ನನ್ನ ಪಿಸುಮಾತೂ ಬೇವಿನ ಮರದವರೆಗೆ ಹೋಗಲು ಕಲಿತದ್ದು, ಅದು ಹತ್ತಿರ ನಿಲ್ಲಲಿಲ್ಲ. ಅವನು ಮೈಕನ್ನು ಒಂದಿಷ್ಟು ದೂರ ಇಟ್ಟ. ಆಮೇಲೆ ಇನ್ನಷ್ಟು ದೂರ ಇಟ್ಟ. ಕಡೆಗೆ ಬಾಗಿಲು ದಾಟಿಸಿ ಅಂಗಳದಲ್ಲಿ ನಿಲ್ಲಿಸಿ, ಈಗ ಸರಿಯಾಯಿತು ಎಂದ.

ಆದರೆ ಬಾಗಿಲು ತೆರೆದೇ ಇತ್ತಲ್ಲ, ಗೇಟಿನ ಕಾವಲುಗಾರ ಇಡೀ ಕತೆ ಕೇಳಿದ. ಅವನಿಗೆ ಕನ್ನಡ ಬರುತ್ತಿತ್ತು. ಎದುರಿಗಿನ ಚಹಾದಂಗಡಿಯಲ್ಲಿ ದಿನಾ ಅಂದಂದಿನದನ್ನು ಹೇಳುತ್ತಿದ್ದ. ಚಿತ್ರ ಮುಗಿಯುವ ಮೊದಲೇ ಒಂದು ದಿನ ಚಹಾದಂಗಡಿಯವ ಒಳಗೆ ಬಂದು, ಸೊಸೆಯನ್ನು ಕಡೆಗೆ ಸಾಯಿಸುವುದು ತನ್ನ ಗಿರಾಕಿಗಳಿಗೆ ಬಿಲ್ಕುಲ್ ಪಸಂದ ಇಲ್ಲ ಎಂದು ದಿಗ್ದರ್ಶಕರಿಗೆ ತಿಳಿಸಿ ಹೋದ. ಸೊಸೆ ಬದುಕಿದಳು.

೫. ನೆಲ ಯಾರದು

ಆ ಚಿತ್ರದಲ್ಲಿ ನನ್ನ ಪಾತ್ರ ಯಾವುದೆಂದು ಹೇಳಲಿಲ್ಲ. ನಾನು ಹೋದದ್ದು ನಾಯಕಿಯಾಗಲು. ಪೆಟ್ಟಿಗೆಯಲ್ಲಿ ಸೀರೆ, ಚೌರಿ, ಬಳೆ ಎಲ್ಲ ತುಂಬಿಕೊಂಡೇ ಹೋಗಿದ್ದೆ. ದಿಗ್ದರ್ಶಕರು ಅವನ್ನು ನೋಡಿ, ಸಿನೆಮಾದಲ್ಲಿ ಹೆಣ್ಣುಪಾತ್ರಕ್ಕೆ ಈಗ ಹೆಂಗಸರೇ ಬರುತ್ತಾರೆ ಎಂದು ಮೆಲ್ಲಗೆ ಹೇಳಿದರು. ಆ ದಿನ ನನಗೆ ಊಟ ಸೇರಲಿಲ್ಲ. ಕಲಿತದ್ದು ಅದೊಂದೇ ವಿದ್ಯೆ. ಊರಿಗೆ ಹೋಗಿ ಅಂಡಿಗೆ ಹೊರಬೇಕು, ಇಲ್ಲವೇ ಕೊಟ್ಟದ್ದನ್ನು ಮಾಡಬೇಕು. ಅವರು ಕೊಟ್ಟದ್ದು ಸೊಸೆಯನ್ನು ಕಾಡುವ ಮಾವ, ಊರ ಗೌಡನ ಪಾತ್ರ. ಅಂಗೈ ಅಗಲದ ಮೀಸೆ ಹಚ್ಚಿದರು.

ನಾನು ಗೌಡನಾಗಿ ನಡೆದು ಬಂದೆ. ದಿಗ್ದರ್ಶಕರು ನಿಲ್ಲಿಸಿದರು. ಇನ್ನೊಮ್ಮೆ ನಡೆಸಿದರು. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಬೆತ್ತವನ್ನು ಹೂವಿನ ಬುಟ್ಟಿಯ ಹಾಗೆ ಮೊಣಕೈಗೆ ಹಾಕಿಕೊಂಡಿದ್ದೆನಂತೆ. ಸೊಸೆಯನ್ನು ಬೈಯುವಾಗ ನನ್ನ ಕೈ ತಾನಾಗಿ ಇಲ್ಲದ ಸೆರಗಿಗೆ ಹೋಯಿತು.

"ಗೌಡ್ರ, ನೀವು ಬೈಬೇಕ್ರಿ," ಎಂದರು ದಿಗ್ದರ್ಶಕರು. "ನಾಚಬ್ಯಾಡ್ರಿ."

ನಾಯಕಿಯ ತೊಂದರೆ ಬೇರೆ ಇತ್ತು. ಅವಳೂ ಹುಬ್ಬಳ್ಳಿಯವಳೇ. ತಂದೆ ತಾಯಿ ಇಲ್ಲದೆ, ಗರಡಿ ನಡೆಸುವ ಪೈಲ್ವಾನ ಸೋದರಮಾವನ ಮನೆಯಲ್ಲಿ ಬೆಳೆದವಳು. ಹಾಡಿದರೆ ಮೈ ಜುಮ್ಮೆನ್ನಬೇಕು. ಆದರೆ ನಡೆದರೆ ನೆಲವೂ ಜುಮ್ಮೆನ್ನುತ್ತಿತ್ತು. ನಕ್ಕರೆ ತೊಡೆ ತಟ್ಟುವಳು. ಗೌಡನ ಕಾಲಿಗೆ ಬಿದ್ದು ಬೇಡಿಕೊಳ್ಳುವ ದೃಶ್ಯದಲ್ಲಿ ಅವಳು ನನ್ನ ಕಾಲು ಹಿಡಿದಳು, ನಾನು ಅಂಗಾತ ಬಿದ್ದೆ.

ದಿಗ್ದರ್ಶಕರು ಚಿತ್ರೀಕರಣ ನಿಲ್ಲಿಸಿ, ನಮ್ಮಿಬ್ಬರನ್ನೂ ಹಿಂದಿನ ಪಡಸಾಲೆಗೆ ಕಳಿಸಿದರು. ನಿಮ್ಮಲ್ಲಿರುವುದು ಆಕೆಗೆ ಬೇಕು, ಆಕೆಯಲ್ಲಿರುವುದು ನಿಮಗೆ ಬೇಕು, ಅದಲುಬದಲು ಮಾಡಿಕೊಂಡು ಬನ್ನಿರಿ ಎಂದರು.

ಪಡಸಾಲೆಯಲ್ಲಿ ನಮ್ಮ ತಾಲೀಮು ಸುರುವಾಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನ ನಡಿಗೆ ನೋಡಿ ಅಂದಳು: "ಅಣ್ಣಾರ, ಈ ನೆಲಾ ನಿಮ್ಮ ಅಪ್ಪಂದು ಅಂತ ತಿಳ್ಕೊಂಡು ನಡೀರಿ."

ನಾನು ಅವಳಿಗೆ ಅಂದೆ: "ತಂಗೀ, ಈ ನೆಲಾ ನಿನ್ನ ಅತ್ತೀದು ಅಂತ ತಿಳ್ಕೊಂಡು ನಡಿ."

ಇಬ್ಬರಿಗೂ ಅಂದೇ ಹಾದಿ ಸಿಕ್ಕಿತು. ಅವಳು ಎರಡೇ ಬೆರಳಿನಲ್ಲಿ ಸೆರಗು ಹಿಡಿಯುವುದು, ಹೊಸ್ತಿಲಲ್ಲಿ ನಿಂತು ಒಮ್ಮೆ ಹೊರಳಿ ನೋಡುವುದು ಎಲ್ಲವನ್ನೂ ಕಲಿತಳು. ನಾನು ಕೆಮ್ಮಿ ಒಳಗೆ ಬರುವುದನ್ನು, ಕಾರಣವಿಲ್ಲದೆ ಸಿಟ್ಟಾಗುವುದನ್ನು, ಇಬ್ಬರು ಕೂರುವ ಜಾಗದಲ್ಲಿ ಒಬ್ಬನೇ ಕೂರುವುದನ್ನು ಕಲಿತೆ. ದಿಗ್ದರ್ಶಕರು ನಮ್ಮಿಬ್ಬರನ್ನೂ ನೋಡಿ ಕ್ಯಾಮೆರಾ ಸುರುಮಾಡಿಸಿದರು.

ಚಿತ್ರ ಹುಬ್ಬಳ್ಳಿಗೆ ಬಂತು. ಮಧ್ಯಾಹ್ನದ ಆಟಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಕುರ್ಚಿಯ ಕ್ಲಾಸಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂರಬಹುದಿತ್ತು. ಗೌಡನ ಪಾತ್ರ ಮಾಡಿದ್ದೇನೆಂದು ಅವಳಿಗೆ ಮೊದಲೇ ಹೇಳಿದ್ದೆ. ನಮಗಿಂತ ಎರಡು ಸಾಲು ಮುಂದೆ ನಾಯಕಿ ತನ್ನ ಪೈಲ್ವಾನ ಮಾವನ ಜೊತೆ ಕೂತಿದ್ದಳು.

ಗೌಡ ಕೆಮ್ಮುತ್ತ ಬಂದ. ಇಷ್ಟು ವರ್ಷ ನನ್ನನ್ನು ರಂಗದ ಮೇಲೆ ನೋಡಿದ ಊರು, ಒಬ್ಬನೂ ಗುರುತು ಹಿಡಿಯಲಿಲ್ಲ. ನಾನು ಎದೆ ಸೆಟೆಸಿ ಕೂತೆ. ಆಮೇಲೆ ಸೊಸೆ ಬಂದಳು. ಎರಡು ಬೆರಳಿನಲ್ಲಿ ಸೆರಗು ಹಿಡಿದು, ಹೊಸ್ತಿಲಲ್ಲಿ ನಿಂತು ಹೊರಳಿ ನೋಡಿದಳು. ನೆಲದ ಕ್ಲಾಸಿನವರೆಲ್ಲ ಎದ್ದು ನಿಂತು ಸೀಟಿ ಹೊಡೆದು, ಟೊಪ್ಪಿಗೆ ಹಾರಿಸಿ, "ಬಂದನಪಾ, ನಮ್ಮ ಕಂಪನಿ ನಾಯಕಿ ಬಂದ" ಎಂದು ಕೂಗಿದರು. ಪೈಲ್ವಾನ ಹಿಂದೆ ತಿರುಗಿ ಯಾರು ಬಂದನೆಂದು ಹುಡುಕತೊಡಗಿದ.

ಹೆಂಡತಿ ನನ್ನ ಕಿವಿಯ ಹತ್ತಿರ ಬಂದಳು. "ನನಗ ಯಾಕ ಸುಳ್ಳು ಹೇಳಿದ್ರಿ? ಗೌಡನ ಪಾರ್ಟು ಅಂದ್ರಿ, ಇಲ್ಲಿ ನೋಡಿದ್ರ ಸೀರಿ ಉಟ್ಟು ನಿಂತೀರಿ."

ಅದು ನಾನಲ್ಲ, ಆಕೆ ಅಗೋ ಅಲ್ಲಿ ಕೂತಿದ್ದಾಳೆ ಎಂದು ಮುಂದಿನ ಸಾಲು ತೋರಿಸಿದೆ. ಹೆಂಡತಿ ಆಕೆಯನ್ನು ನೋಡಿದಳು, ಪರದೆ ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ಆ ಮೀಸೀ ಗೌಡ?"

"ನಾನ."

ಪರದೆಯ ಮೇಲೆ ಗೌಡ ತಾಟು ಒದ್ದ, ಸೊಸೆಯನ್ನು ಹೊರಗೆ ದಬ್ಬಿದ, ಎಲ್ಲರ ಮೇಲೆ ಒದರಾಡಿದ. ಅವಳು ಒಂದೊಂದಕ್ಕೂ ಒಮ್ಮೆ ನನ್ನ ಕಡೆ ಹೊರಳಿ ನೋಡಿದಳು. ಆಟ ಮುಗಿದು, ಜನ ಹೊರಗೆ ಹೋದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. ನಡಿ ಹೋಗೋಣ ಎಂದೆ.

"ಪಾರ್ಟು ಛಲೋ ಮಾಡೀರಿ," ಎಂದಳು. "ಆದ್ರ ಮನಿಗೆ ಯಾರು ಬರಾವ್ರು, ಮೊದಲ ಅದನ್ನ ಹೇಳ್ರಿ. ಆ ಗೌಡ ಬರೂದಾದ್ರ ನಾ ಇಲ್ಲಿಂದನ ಧಾರವಾಡಕ್ಕ ಹೊಕ್ಕೇನಿ. ಆ ಸೊಸಿ ಬಂದ್ರ ಇಬ್ಬರೂ ಕೂಡಿ ಅಡಿಗಿ ಮಾಡೋಣಂತ."

ನಾನು ತಲೆ ತಗ್ಗಿಸಿ ಅವಳ ಹಿಂದೆ ನಡೆದೆ. ಆ ದಿನ ರೊಟ್ಟಿ ನಾನೇ ಬಡಿದೆ.