ನೆಗೆಣ್ಣಿಯ ವ್ಯಾನಿನ ಹನ್ನೊಂದು ದೋಷಗಳು

ನಾನು ಶಿಸ್ತಾಗಿ ಏನು ಮಾಡಲು ಹೊರಟರೂ ಕೊನೆಗೆ ನಗುವವರು ಬೇರೆಯವರೇ ಆಗಿರುತ್ತಾರೆ.

ಪೂಜೆಯ ದಿನ

ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಸೋನ್ಯಾಳದ ಶಾಲೆಯಲ್ಲಿ ಏಳನೆಯ ತನಕ ಕಲಿತವಳು. ನಾನು ಕಾನ್ವೆಂಟಿನವಳು. ಆದರೆ ಏಳು ಸೀಟಿನ ವ್ಯಾನು ಮೊದಲು ಬಂದದ್ದು ಅವಳ ಮನೆಗೆ. ಹಳೆಯದೇ, ಆದರೂ ಬಂತು.

ಪೂಜೆಗೆ ಕರೆದಳು. ಕನ್ನಡಕ ಏರಿಸಿ, ಗಾಡಿಯನ್ನು ಒಂದು ಸುತ್ತು ಹಾಕಿ, ಎಲ್ಲರೆದುರು ಹನ್ನೊಂದು ದೋಷ ಹೇಳಿದೆ. ಟೈರು ಒಂದೇ ಬದಿಗೆ ಸವೆದಿದೆ, ಕೆಳಗೆ ಆಯಿಲ್ ಹನಿಯುತ್ತಿದೆ, ಜಾರುವ ಬಾಗಿಲು ನಡುವೆ ಸಿಕ್ಕಿಕೊಳ್ಳುತ್ತದೆ...

"ಬರಕೋ," ಎಂದೆ. ಬರೆದುಕೊಂಡಳು. ಆಮೇಲೆ ಗಾಡಿಗೆ ನಿಂಬೆ-ಮೆಣಸಿನಕಾಯಿಯ ಸರ ಒಂದಲ್ಲ, ಎರಡು ಕಟ್ಟಿದಳು.

"ಎರಡ್ಯಾಕ? ಒಂದು ಸಾಲೂದಿಲ್ಲೇನು?"

"ಒಂದು ಊರ ಮಂದಿ ದೃಷ್ಟಿಗೆರಿ, ಅಕ್ಕಾರ."

ಇನ್ನೊಂದು ಯಾರ ದೃಷ್ಟಿಗೆಂದು ಹೇಳಲಿಲ್ಲ.

ಬೆಳುಂಕಿಯ ಬಿಸಿ

ಅಂದಿನಿಂದ ಯಾರ ಮದುವೆಗೆ ಹೋಗಬೇಕಾದರೂ ಅವಳ ಹಿಂದಿನ ಸೀಟೇ ನನಗೆ ಗತಿ. ಮುಂದಿನದರಲ್ಲಿ ಅವಳು. ಇದನ್ನು ಸಹಿಸುವುದು ನನ್ನಿಂದಾಗಲಿಲ್ಲ. ನಾವೂ ಒಂದು ಹಳೆಯ ವ್ಯಾನು ಕೊಳ್ಳುವುದೆಂದು ಗೊತ್ತು ಮಾಡಿದೆ.

ತಣ್ಣಗಿರುವಾಗ ಚಾಲೂ ಮಾಡಿ ನೋಡಿದರೇ ಎಂಜಿನ್ನಿನ ಗುಣ ತಿಳಿಯುವುದು. ಆದ್ದರಿಂದ "ನಾನು ಬರೂ ತನಕ ಮುಟ್ಟಬ್ಯಾಡ್ರಿ" ಎಂದು, ವ್ಯಾನು ಮಾರಲಿಟ್ಟಿದ್ದ ಬೆಳುಂಕಿ ಊರಿನವರಿಗೆ ಫೋನಿನಲ್ಲೇ ಹೇಳಿದ್ದೆ. ಹೋಗಿ ಬಾನೆಟ್ ಮುಟ್ಟಿದರೆ ರೊಟ್ಟಿ ಹಂಚು!

"ಯಾಕ್ರೀ ಇಷ್ಟು ಬಿಸಿ?"

"ಬಿಸಲಾಗ ನಿಂತಿತ್ತರಿ, ಬಾಯಾರ."

ಗಾಡಿ ನಿಂತದ್ದು ಬೇವಿನ ನೆರಳಿನಲ್ಲಿ. ಅದನ್ನು ತಳ್ಳಿ ಚಾಲೂ ಮಾಡಿಸಿದ್ದ ಇಬ್ಬರು ಗೋಡೆಗೆ ಒರಗಿ ಇನ್ನೂ ಏದುಸಿರು ಬಿಡುತ್ತಿದ್ದರು.

ಮನೆಯ ಮಂದಿ

ಮುಂದೆ ನೋಡಿದ ವ್ಯಾನು ಶೇಗಾಂವ ಊರಿನವರದು. ಅವರು ಆಣೆಯಿಟ್ಟರು: "ಬಾಡಿಗಿ ಹೊಡದಿಲ್ರಿ. ಬರೇ ಮನಿ ಮಂದಿ ಕುಂತಾರ."

ಹಿಂದಿನ ಸೀಟು ಎತ್ತಿದೆ. ಕುರಿಯ ಉಣ್ಣೆ, ಕುರಿಯ ಹಿಕ್ಕೆ.

"ಇದೇನ್ರಿ?"

"ಅವೂ ನಮ್ಮ ಮನಿಯಾಗಿನವೇ ಅಲ್ಲೇನ್ರಿ?"

ಎರಡು ಸರ

ಅಷ್ಟರಲ್ಲಿ ನೆಗೆಣ್ಣಿ ಹೊಚ್ಚ ಹೊಸ ವ್ಯಾನು ತಂದು ಹಳೆಯದನ್ನು ಮಾರಲು ಇಟ್ಟಳು. "ಅದನ್ನೇ ನೋಡು," ಎಂದರು ನನ್ನ ಯಜಮಾನರು. ಹಲ್ಲು ಕಚ್ಚಿ ಹೋದೆ. ಟೈರು ಸಮ. ಆಯಿಲ್ ಒಂದು ಹನಿಯೂ ಇಲ್ಲ. ಬಾಗಿಲು ಒಂದೇ ಬೆರಳಿಗೆ ಸರಿಯಿತು. ಒಂದು ತಾಸು ಹುಡುಕಿದರೂ ಒಂದು ದೋಷ ಸಿಗಲಿಲ್ಲ.

"ಇಷ್ಟು ಚಲೋ ಹೆಂಗ ಉಳೀತು?"

ಅವಳು ಮಡಚಿದ ಹಾಳೆಯೊಂದನ್ನು ತಂದಳು. "ನೀವು ಹೇಳಿದ್ದು ಹನ್ನೊಂದೂ ಲಗೂನ ರಿಪೇರಿ ಮಾಡಿಸಿದ್ನಿರಿ, ಅಕ್ಕಾರ. ಈ ಗಾಡಿ ಉಳದದ್ದು ನಿಮ್ಮಿಂದ."

ರೊಕ್ಕ ಎಣಿಸಿ ಕೊಂಡೆ. ಕೊನೆಗೂ ಮುಂದಿನ ಸೀಟಿನಲ್ಲಿ ಕುಳಿತೆ. ಹೊರಡಬೇಕೆನ್ನುವಾಗ ಅವಳು ಗಾಡಿ ನಿಲ್ಲಿಸಿ, ಎರಡು ಸರಗಳಲ್ಲಿ ಒಂದನ್ನು ಬಿಚ್ಚಿಕೊಂಡಳು.

"ಇದು ಇನ್ನ ನಿಮಗ ಬ್ಯಾಡ್ರಿ. ತಮ್ಮ ಗಾಡಿಗೆ ತಾವೇ ಯಾರು ದೃಷ್ಟಿ ಹಾಕ್ತಾರ?"

ಬಿಚ್ಚಿದ ಸರವನ್ನು ನೇರ ಒಯ್ದು ತನ್ನ ಹೊಸ ವ್ಯಾನಿಗೆ ಕಟ್ಟಿದಳು.